ತಡೆದಿಟ್ಟ ಎಚ್ಚರಿಕೆ

ಉಪಗ್ರಹ ಕಳಿಸುವ ಸಮುದ್ರದ ಬಿಸಿಯ ನಕ್ಷೆ ನೋಡಿ ಎಚ್ಚರಿಕೆ ಬರೆಯುವುದು ಅಕ್ಕನ ಕೆಲಸ. ಅದೇ ಸಮುದ್ರಕ್ಕಿಳಿದು, ಕಬ್ಬಿಣದ ಚೌಕಟ್ಟುಗಳಿಗೆ ಹವಳದ ತುಣುಕು ಕಟ್ಟಿ ಬೆಳೆಸುವುದು ತಂಗಿಯ ಕೆಲಸ. ಅಕ್ಕ ಎ.ಸಿ. ಕೋಣೆಯಲ್ಲಿ ಶಾಲು ಹೊದ್ದು ಕೂರುತ್ತಿದ್ದಳು. ತಂಗಿಯ ಕೂದಲು ಉಪ್ಪುನೀರಿಗೆ ನಾರಾಗಿತ್ತು.

ಬೆಳಿಗ್ಗೆ ತಂಗಿಯ ಫೋನ್ ಬಂತು.

"ಬಿಸಿಗೆ ಹವಳ ಎಲ್ಲಾ ಬೆಳ್ಳಗಾಗಿ ಹೋಗಿದೆ ಕಣೇ ಅಕ್ಕಾ. ನಿಮ್ಮ ಉಪಗ್ರಹ ಗೊರಕೆ ಹೊಡೀತಿತ್ತಾ?"

"ನೀರು ಬಿಸಿ ಏರ್ತಿದೆ, ಚೌಕಟ್ಟು ಆಳಕ್ಕಿಳಿಸಿ ಅಂತ ಹೋದ ತಿಂಗಳೇ ಬರೆದಿದ್ನಲ್ಲ!"

"ಯಾರಿಗೆ ಬರೆದೆ? ನಮಗೆ ಒಂದಕ್ಷರ ಬಂದಿಲ್ಲ."

ಅಕ್ಕ ಫೋನ್ ಹಿಡಿದುಕೊಂಡೇ ಮೇಲಧಿಕಾರಿಯ ಕೋಣೆಗೆ ನುಗ್ಗಿದಳು. ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಸರ್, ನನ್ನ ಎಚ್ಚರಿಕೆ ಎಲ್ಲಿ ಹೋಯ್ತು?"

"ಓ, ಅದಾ? ನಾನೇ ತಡೆದಿಟ್ಟೆ. ಪ್ರವಾಸಿಗರ ಸೀಸನ್ ನೋಡಿ. ನಕ್ಷೆ ಕೆಂಪಗಾದ್ರೆ ಹೋಟೆಲಿನವರು ನನ್ನ ಜೀವ ತಿಂತಾರೆ. ಎರಡು ಮಳೆ ಬಿದ್ರೆ ನೀರು ತಣ್ಣಗಾಗುತ್ತೆ ಅಂದ್ಕೊಂಡೆ."

"ಅಂದ್ಕೊಳ್ಳೋಕೆ ಉಪಗ್ರಹ ಯಾಕೆ ಸರ್? ಕಿಟಕಿಯಿಂದ ಕೈ ಚಾಚಿದ್ರೆ ಸಾಕಿತ್ತಲ್ಲ!"

"ಸಮಾಧಾನ ಮಾಡ್ಕೊಳ್ಳಮ್ಮಾ. ಬಿಳಿಚಿಕೊಂಡ ಹವಳ ಚೇತರಿಸ್ಕೊಳ್ಳುತ್ತೆ ಅಂತ ನೀವೇ ಹೇಳ್ತೀರಲ್ಲ."

ಫೋನಿನೊಳಗಿಂದ ತಂಗಿ ಕಿರುಚಿದಳು. "ಕೊಳೆತ ವಾಸನೆ ಬರ್ತಿದೆ ಅಂತ ಹೇಳು ಅವರಿಗೆ! ಮುಟ್ಟಿದ್ರೆ ಲೋಳೆ ಕಿತ್ತು ಬರ್ತಿದೆ ಅಂತ ಹೇಳು!"

ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು.

"ಉತ್ತರದ ಹವಳದ ದಿಬ್ಬದ ಹತ್ತಿರವೂ ಬಿಸಿ ಏರ್ತಿದೆ," ಎಂದಳು ಅಕ್ಕ. "ಅಲ್ಲಿಯವರಿಗಾದ್ರೂ ಈಗಲೇ ಹೇಳಿ."

"ನಾಳೆ ಮೀಟಿಂಗಲ್ಲಿ ಇಡೋಣ."

ಅಕ್ಕನ ಮೈಯೆಲ್ಲ ಉರಿಯಿತು. ತನ್ನ ಮೇಜಿಗೆ ಬಂದು, ಉತ್ತರದಲ್ಲಿ ಹವಳ ಬೆಳೆಸುವ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದಳು. ಇಡೀ ಕಚೇರಿ ಕೆಲಸ ಬಿಟ್ಟು ಕೇಳಿಸಿಕೊಂಡಿತು. ಅಧಿಕಾರಿ ಬಾಗಿಲಲ್ಲಿ ನಿಂತು, "ಇದು ನಿಯಮಕ್ಕೆ ವಿರುದ್ಧ. ನೋಟಿಸ್ ಕೊಡ್ಬೇಕಾಗುತ್ತೆ," ಎಂದರು.

"ಕೊಡಿ. ಅದನ್ನಾದ್ರೂ ಹೊತ್ತಿಗೆ ಸರಿಯಾಗಿ ಕಳಿಸಿ."

ಉತ್ತರದವರು ಅಂದೇ ಚೌಕಟ್ಟುಗಳನ್ನು ಆಳಕ್ಕಿಳಿಸಿದರು. ಅರ್ಧಕ್ಕರ್ಧ ಹವಳ ಉಳಿಯಿತು. ಅಕ್ಕನನ್ನು ನಕ್ಷೆಯ ಕೆಲಸದಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಹಾಕಿದರು.

ರಜೆಯ ದಿನ ಅವಳು ತಂಗಿಯಿದ್ದ ದಡಕ್ಕೆ ಹೋದಳು. ತಂಗಿ ಸೊಂಟದುದ್ದ ನೀರಿನಲ್ಲಿ ನಿಂತು, ಸತ್ತ ಹವಳ ಮೆತ್ತಿಕೊಂಡ ಚೌಕಟ್ಟನ್ನು ಎಳೆಯುತ್ತಿದ್ದಳು.

"ನಿಮ್ಮ ಸಾಹೇಬರ ಮೇಲೆ ಕೂಗಾಡಿದ್ಯಲ್ಲ, ಒಳ್ಳೇದೇ ಆಯ್ತು," ಎಂದಳು ತಲೆ ಎತ್ತದೆ. "ನೀರು ಬೆಚ್ಚಗಾಯ್ತು ಅಂತ ನನಗೂ ಅನ್ನಿಸಿತ್ತು. ನಮ್ಮಕ್ಕ ನೋಡ್ತಿದ್ದಾಳಲ್ಲ, ಏನಾದ್ರೂ ಇದ್ರೆ ಹೇಳ್ತಾಳೆ ಅಂತ ಸುಮ್ಮನಾದೆ. ನನಗೊಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ?"

"ಕಳಿಸೋದು ಅವರ ಕೆಲಸ ಅಂತ..." ಎಂದಳು ಅಕ್ಕ.

"ಆ ತುದಿ ಹಿಡ್ಕೋ," ಎಂದಳು ತಂಗಿ. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

ಅಕ್ಕ ಚಪ್ಪಲಿ ಬಿಟ್ಟು ನೀರಿಗಿಳಿದಳು.