ಮಗ ಸ್ವಲ್ಪ ಹೊರಗೆ ಕೂರಲಿ

ದೋಹಾದಲ್ಲಿ ನಮ್ಮವರು ಡಾಕ್ಟರ ಹತ್ತಿರ ಹೋಗುವ ಚಂದ ನೋಡಬೇಕು ಮಾರಾಯ್ರೆ! ಡಾಕ್ಟರು ಕೇಳುವುದು ಅಮ್ಮನ ಹತ್ತಿರ. ಉತ್ತರ ಕೊಡುವುದು ಮಗ. ಅಮ್ಮ ನಡುವೆ ಗೊಂಬೆ ಹಾಗೆ ಕೂತಿರುತ್ತಾರೆ. ಕಡೆಗೆ ಮಾತ್ರೆಯ ಚೀಲ ಹಿಡಿದುಕೊಂಡು ಮನೆಗೆ, ಖಲಾಸ್.

ನಾನು ಪೂವಕ್ಕ. ದೋಹಾದ ಓಲ್ಡ್ ಏರ್‌ಪೋರ್ಟ್ ಅನ್ನುವ ಏರಿಯಾದಲ್ಲಿ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಹವ್ವಮ್ಮನವರದ್ದು. ಉಳ್ಳಾಲದ ಕಡೆಯವರು, ಅರವತ್ತು ದಾಟಿದೆ. ಮಗ ನಿಯಾಝ್ ಸೂಕ್ ವಾಕಿಫ್ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಸೊಸೆ ಬಾಣಂತನಕ್ಕೆ ಊರಿಗೆ ಹೋಗಿದ್ದಾಳೆ. ನಿಯಾಝ್ ಚಿನ್ನದಂಥ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಉಮ್ಮನಿಗೆ, ಅಂದರೆ ಅಮ್ಮನಿಗೆ, ತಲೆನೋವು ಅಂದರೂ ಅಂಗಡಿ ಬಿಟ್ಟು ಓಡಿ ಬರುವವನು.

ಈಚೆಗೆ ಹವ್ವಮ್ಮನಿಗೆ ತುಂಬ ಸುಸ್ತು. ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದರು. ನಿಯಾಝ್ ಎರಡೆರಡು ಸಲ ಡಾಕ್ಟರಿಗೆ ತೋರಿಸಿದ. ಶಕ್ತಿಯ ಮಾತ್ರೆ ಕೊಟ್ಟರು. ಸುಸ್ತು ಹೋಗಲಿಲ್ಲ.

ಆಗೊಮ್ಮೆ ಹವ್ವಮ್ಮನ ಮನೆಯಲ್ಲಿ ನಾವೆಲ್ಲ ಕೂತಿದ್ದಾಗ ಬಂದವರು ನಮ್ಮ ಪರಿಚಯದ ಪರ್ಪೆಚುವಾ ಬಾಯಿ. ತುಂಬ ವರ್ಷ ನರ್ಸ್ ಆಗಿದ್ದವರು. ಈಗ ರಜೆಯ ದಿನ ಡಾಕ್ಟರಿಕೆ ಓದುವ ಮಕ್ಕಳಿಗೆ, ನಮ್ಮಂಥ ರೋಗಿಗಳ ಹತ್ತಿರ ಮಾತಾಡಲಿಕ್ಕೆ ಅಂತ, ಕನ್ನಡ ಕಲಿಸುತ್ತಾರೆ.

"ದೊಡ್ಡ ಕನ್ನಡ ಎಂತದೂ ಅಲ್ಲ. ನೋವು ಎಲ್ಲಿ, ಯಾವಾಗಿನಿಂದ, ಊಟ ಸೇರ್ತದಾ, ಅಷ್ಟೇ" ಅಂದರು ಬಾಯಿ. "ಪುಸ್ತಕ ನೋಡಿ ಕಲಿತರೆ ಆಗುವುದಿಲ್ಲ. ಎದುರು ಮಾತಾಡುವ ಜನ ಬೇಕು. ನೀವಿಬ್ಬರೂ ಬಂದು ರೋಗಿಯ ಪಾರ್ಟು ಮಾಡಿ."

ನಿಯಾಝ್ ನಕ್ಕುಬಿಟ್ಟ. "ಡಾಕ್ಟರಿಗೆ ಕನ್ನಡ ಯಾಕೆ ಬಾಯಮ್ಮ? ನಾನಿಲ್ವಾ? ಇಂಗ್ಲಿಷ್, ಹಿಂದಿ, ಮಲಯಾಳಂ, ಅರಬ್ಬಿ, ಯಾವುದು ಬೇಕು ಹೇಳಿ. ಉಮ್ಮನ ಕಷ್ಟ ನನಗಿಂತ ಹೆಚ್ಚು ಯಾರಿಗೆ ಗೊತ್ತು?"

"ಉಮ್ಮನಿಗೇ ಗೊತ್ತು ಮಗಾ" ಅಂದರು ಬಾಯಿ.

ಶುಕ್ರವಾರ ಸಂಜೆ ನಾನು, ಹವ್ವಮ್ಮ ಬಾಯಿಯ ಕ್ಲಾಸಿಗೆ ಹೋದೆವು. ಗಂಡುಮಕ್ಕಳನ್ನೆಲ್ಲ ಬಾಯಿ ಬೇರೆ ಕೋಣೆಗೆ ಕಳಿಸಿದ್ದರು, ಹೆಂಗಸರ ಪ್ರಶ್ನೆ ಹೆಂಗಸರ ನಡುವೆಯೇ ಕಲಿಯಲಿ ಅಂತ. ನಮಗೆ ಸಿಕ್ಕಿದವಳು ರೀಮ್, ಜೋರ್ಡಾನ್ ಕಡೆಯ ಹುಡುಗಿ. ನನ್ನದು ಮೊಣಕಾಲು ನೋವಿನ ಪಾರ್ಟು. ನಾನು ಕುಂಟಿದ ಹಾಗೆ ಮಾಡಿ, ನರಳಿ, ಅವಳ ಬೆವರಿಳಿಸಿದೆ. ಹವ್ವಮ್ಮನಿಗೆ ಕೊಟ್ಟದ್ದು ಹೊಟ್ಟೆನೋವು.

ರೀಮ್ ಒಂದೊಂದೇ ಶಬ್ದ ಹುಡುಕಿ ಹುಡುಕಿ ಕೇಳಿದಳು. ಹವ್ವಮ್ಮ ನಗುತ್ತಾ ಹೇಳುತ್ತಿದ್ದರು. ಆಮೇಲೆ ಅವಳು ಕುರ್ಚಿ ಹತ್ತಿರ ಎಳೆದು, ಅವರ ಮುಖವನ್ನೇ ನೋಡಿ ಕೇಳಿದಳು.

"ಅಮ್ಮಾ, ಮುಟ್ಟು ನಿಂತು ತುಂಬ ವರ್ಷ ಆಯ್ತಾ?"

"ಆಯ್ತು ಮಗಳೇ."

"ನಿಂತ ಮೇಲೆ ಯಾವಾಗಲಾದರೂ ರಕ್ತ ಹೋಗಿದೆಯಾ?"

ಹವ್ವಮ್ಮ ತಲೆವಸ್ತ್ರದ ಅಂಚು ಎಳೆದುಕೊಂಡರು. "ಹೋಗ್ತಾ ಉಂಟು. ರಂಝಾನ್ ಕಳೆದ ಮೇಲೆ ಶುರುವಾದದ್ದು."

ಉತ್ತರ ಅರ್ಥವಾಯಿತು ಅಂತ ರೀಮ್‌ಗೆ ಖುಷಿಯೋ ಖುಷಿ. ನಾನೂ ನಕ್ಕೆ. "ಅಯ್ಯೋ ಹವ್ವಮ್ಮ, ಪಾರ್ಟು ತಪ್ಪಿತು! ನಿಮ್ಮದು ಹೊಟ್ಟೆನೋವಲ್ವಾ?"

"ಇದು ಪಾರ್ಟಲ್ಲ ಪೂವಕ್ಕ."

ದೇವರೇ! ದಿನಾ ಒಟ್ಟಿಗೆ ಕೂತು ಚಾ ಕುಡಿಯುವವರು ನಾವು. ನನಗೂ ಗೊತ್ತಿರಲಿಲ್ಲ.

"ಡಾಕ್ಟರಿಗೆ ಹೇಳ್ಲಿಲ್ವಾ?"

"ಹೇಗೆ ಹೇಳುವುದು? ಡಾಕ್ಟರು ಎಂತಾದರೂ ಕೇಳಿದರೆ ನಿಯಾಝ್ ನನ್ನತ್ರ ಕೇಳುವುದೇ ಇಲ್ಲ, 'ನೋ, ನೋ' ಅಂತಾನೆ. ಕೇಳಿದರೂ, ಹೆತ್ತ ಮಗನ ಬಾಯಲ್ಲಿ ಇದನ್ನು ಹೇಳಿಸುವುದಾ? ಸತ್ತರೂ ಆಗಲಿಕ್ಕಿಲ್ಲ."

ಬಾಯಿ ಅವರ ಕೈ ಹಿಡಿದುಕೊಂಡರು. "ಹವ್ವಮ್ಮ, ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು. ಏನೂ ಇಲ್ಲದಿರಲೂಬಹುದು. ಆದರೆ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಮೊದಲು ಹೀಗೇ ಕಾಣಿಸಿಕೊಳ್ಳುವುದು. ಬೇಗ ಗೊತ್ತಾದರೆ ಗುಣ ಮಾಡಬಹುದು. ಅಡಗಿಸಿಟ್ಟರೆ ಅದು ಬೆಳೀತದೆ."

ರೀಮ್ ನಾಟಕಕ್ಕೆ ಅಂತ ಕೇಳಿದ ಪ್ರಶ್ನೆ ಅದು.

ಕರಕೊಂಡು ಹೋಗಲು ನಿಯಾಝ್ ಬಂದ. ಹವ್ವಮ್ಮ ನನ್ನನ್ನು ನೋಡಿ ತಲೆಯಾಡಿಸಿದರು, ನೀವೇ ಹೇಳಿ ಅಂತ. ಹೇಳಿದೆ.

"ಸಾಧ್ಯವೇ ಇಲ್ಲ ಅಕ್ಕ! ಪ್ರತಿ ಸಲ ನಾನೇ ಪಕ್ಕದಲ್ಲಿದ್ದೆ!"

ನನಗೆ ಸಿಟ್ಟಿನಲ್ಲಿ ಮಂಡೆ ಬೆಚ್ಚ ಆಯಿತು. "ನೀನಿದ್ದೆ ಅಂತಲೇ ಹೇಳ್ಲಿಲ್ಲ ಮಾರಾಯ!"

ಅವನು ಅಲ್ಲೇ ಬೆಂಚಿನ ಮೇಲೆ ಕೂತ. ಮರುದಿನವೇ ನಾನೂ ಸೇರಿ ಆಸ್ಪತ್ರೆಗೆ ಹೋಗುವುದು ಅಂತಾಯಿತು. "ಕೌಂಟರಿನಲ್ಲಿ ಹೆಂಗಸು ದುಭಾಷಿ ಬೇಕು ಅಂತ ಮೊದಲೇ ಕೇಳು" ಅಂದರು ಬಾಯಿ.

"ಹೊರಗಿನವರಾ? ಮನೆಯ ವಿಷಯ ಊರಿಡೀ ಆದರೆ?"

"ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ, ಅದು ಅವರ ಕೆಲಸದ ನಿಯಮ. ನೀನು ಹೇಳುವುದು ನಿನಗೆ ಸರಿ ಕಂಡದ್ದು. ಅವರು ಹೇಳುವುದು ಉಮ್ಮ ಹೇಳಿದ್ದು."

ಆಸ್ಪತ್ರೆಯಲ್ಲಿ ಹೆಸರು ಕರೆದ ಕೂಡಲೇ ನಿಯಾಝ್ ಅಭ್ಯಾಸಬಲದಿಂದ ಎದ್ದ. ಹವ್ವಮ್ಮ ಅವನ ಎದೆಗೆ ಕೈ ಇಟ್ಟು ತಡೆದರು. "ನೀನು ಕೂರು ಮಗನೇ. ಇವತ್ತು ನಾನೇ ಮಾತಾಡ್ತೇನೆ."

ದುಭಾಷಿ ಹೆಂಗಸಿನ ಜೊತೆ ಒಳಗೆ ಹೋದರು, ಬಾಗಿಲು ಹಾಕಿಕೊಂಡಿತು. ಮಾತು ಕೇಳಿಸಲಿಲ್ಲ, ಅವರ ಸ್ವರ ಮಾತ್ರ ಕೇಳಿಸುತ್ತಿತ್ತು. ನಿಲ್ಲಲೇ ಇಲ್ಲ. ನಿಯಾಝ್ ಕಣ್ಣೊರೆಸಿಕೊಂಡು ನನ್ನ ಹತ್ತಿರ ಕೇಳಿದ, "ಡಾಕ್ಟರತ್ರ ಉಮ್ಮ ಇಷ್ಟು ಮಾತಾಡ್ತಾರಾ ಅಕ್ಕ?"

ಕ್ಯಾನ್ಸರೇ ಆಗಿತ್ತು. ಹರಡುವ ಮೊದಲೇ ಸಿಕ್ಕಿತು, ಆಪರೇಷನ್ ಆಯಿತು. ಈಗ ಹವ್ವಮ್ಮ ನನ್ನ ಚಾಕ್ಕೆ ಸಕ್ಕರೆ ಕಮ್ಮಿ ಅಂತ ಬೈಯುವಷ್ಟು ಗಟ್ಟಿಯಾಗಿದ್ದಾರೆ. ನಿಯಾಝ್ ಶುಕ್ರವಾರ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕಾರಿನಲ್ಲಿ ಬಾಯಿಯ ಕ್ಲಾಸಿಗೆ ಬಿಡುತ್ತಾನೆ. ಒಳಗೆ ಮಾತ್ರ ಬರುವುದಿಲ್ಲ.

ಕೇಳಿದಿರಲ್ಲ? ನಿಮ್ಮ ಊರಿನಲ್ಲಿ ಡಾಕ್ಟರಿಕೆ ಓದುವ ಮಕ್ಕಳು ನಮ್ಮ ಭಾಷೆ ಕಲಿಯಲಿಕ್ಕೆ ಬಂದರೆ ನಗಬೇಡಿ, ಹೋಗಿ ಎದುರು ಕೂತು ಮಾತಾಡಿ. ಆಸ್ಪತ್ರೆಯಲ್ಲಿ ದುಭಾಷಿಯನ್ನು ಕೇಳಿ, ನಾಚಿಕೆ ಬೇಡ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡಬೇಡಿ. ಮಗನೇ, ಅಳಿಯನೇ, ನಿಮಗೆ ಹತ್ತು ಭಾಷೆ ಬರಲಿ, ಸಂತೋಷ. ಅಮ್ಮನನ್ನು ಬಾಗಿಲವರೆಗೆ ಬಿಡಿ. ಒಳಗೆ ಅವರ ಮಾತು ಅವರೇ ಆಡಲಿ.