ಹರಳುಪ್ಪು

ಅಮ್ಮು ಕಿಟಾರನೆ ಚೀರಿ ಮಣಿಕಟ್ಟನ್ನು ಮತ್ತೆ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಅವಳ ಅಜ್ಜಿ ಕಳಕಮ್ಮ ಉಪ್ಪಿನ ಡಬ್ಬಿಗೆ ಕೈಹಾಕಿಯಾಗಿತ್ತು.

"ಅತ್ತೀ, ಬ್ಯಾಡ್ರಿ!" ಎಂದು ಸುರೇಖಾ ಪಡಸಾಲೆಯಿಂದ ಕೂಗಿದಳು. ಗೋಡೆಗೆ ಹೇಳಿದ್ದರೂ ಒಂದೇ. ಕಳಕಮ್ಮ ಹರಳುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೊಮ್ಮಗಳಿಗೆ ನೆತ್ತಿಯಿಂದ ಅಂಗಾಲಿನವರೆಗೆ ನಿವಾಳಿಸಿ, "ಯಾರ ಕಣ್ಣು, ಯಾರ ಹೊಟ್ಟಿಕಿಚ್ಚು, ಎಲ್ಲಾ ಸುಟ್ಟ ಹೋಗ್ಲಿ" ಎನ್ನುತ್ತ ಹಿತ್ತಲ ಒಲೆಗೆ ಎಸೆದಳು. ಉಪ್ಪು ಚಟಚಟ ಸಿಡಿಯಿತು. ಅಮ್ಮು ಗಪ್ಪಾದಳು. ಬಾಯಿಂದ ಕೈ ತೆಗೆದು, ಒಲೆಯತ್ತ ಕಿವಿಗೊಟ್ಟು, ಬೆರಳುಗಳನ್ನು ಗಾಳಿಯಲ್ಲಿ ಕುಣಿಸುತ್ತ ನಕ್ಕಳು.

"ನೋಡಿದಿ? ಹೆಂಗ ತಣ್ಣಗಾದ್ಲು!"

ಸುರೇಖಾ ಮಗಳ ಮಣಿಕಟ್ಟು ಹಿಡಿದು ನೋಡಿದಳು. ಮಾಗದ ಗಾಯದ ಮೇಲೆ ಹೊಸ ಹಲ್ಲಿನ ಗುರುತು, ಅಂಚಿನಲ್ಲಿ ಕೀವು. ಹೀಗೇ ಕಚ್ಚುತ್ತಿದ್ದರೆ ಬೆರಳು ಸ್ವಾಧೀನ ತಪ್ಪೀತು ಎಂದು ಡಾಕ್ಟರು ಹೆದರಿಸಿದ್ದರು. ಹನ್ನೊಂದರ ಹುಡುಗಿ, ಬಾಯಲ್ಲಿ ಮಾತಿಲ್ಲ. ಆಟಿಸಂ ಎಂಬ ಹೆಸರು ಗೊತ್ತಾದಂದಿನಿಂದ ಭಾಗ್ಯನಗರದ ಈ ಓಣಿಯಲ್ಲಿ ಬುದ್ಧಿ ಹೇಳದವರೇ ಇರಲಿಲ್ಲ. ಕೇಳಿ ಕೇಳಿ ಸುರೇಖಾಳ ತಲೆ ಚಿಟ್ಟು ಹಿಡಿದಿತ್ತು.

ಅಷ್ಟು ಜನರಲ್ಲಿ ಕೆಲಸಕ್ಕೆ ಬರುವ ಮಾತು ಹೇಳಿದವರೆಂದರೆ ಕೊಪ್ಪಳದ ಶಾಲೆಯ ಟೀಚರು ಒಬ್ಬರೇ. "ಅದು ಹಠ ಅಲ್ರಿ. ಚೀರಿದ ಮ್ಯಾಲೆ ಆಕಿಗೆ ಏನ ಸಿಗ್ತೈತಿ ನೋಡ್ರಿ. ಅದನ್ನ ಕೇಳಾಕ ಬ್ಯಾರೆ ದಾರಿ ಕಲಸ್ರಿ." ಏನು ಸಿಗುತ್ತದೆ ಎಂಬುದು ಸುರೇಖಾಳಿಗೆ ಮರುದಿನವೇ ಹೊಳೆಯಿತು: ಒಲೆಯಲ್ಲಿ ಉಪ್ಪು ಸಿಡಿಯುವ ಸದ್ದು. ಹೊಳೆದ ಹುರುಪಿನಲ್ಲಿ ಬೇರೆ ದಾರಿ ಕಲಿಸುವ ಮಾತು ಮರೆತೇಹೋಯಿತು. ಇನ್ನು ಮೇಲೆ ಮನೆಯಲ್ಲಿ ದೃಷ್ಟಿ ತೆಗೆಯಬಾರದು ಎಂದುಬಿಟ್ಟಳು.

"ನಿನ್ನ ಗಂಡನ್ನ ಹಿಂಗ ನದರ ತಗದು ತಗದು ದೊಡ್ಡಾಂವನ್ನ ಮಾಡೀನಿ. ಇವತ್ತ ನನಗ ಸಾಲಿ ಕಲಸ್ತಿ ಏನು?" ಎಂದು ಕಳಕಮ್ಮ ಸೆರಗು ಝಾಡಿಸಿದ್ದಳು.

ಗಂಡ ಕೊಟ್ರೇಶ ಮೊಬೈಲಿನಿಂದ ತಲೆ ಎತ್ತದೆ, "ಇಬ್ಬರು ಹೇಳೋದೂ ಖರೇನ ಐತಿ" ಎಂದಿದ್ದ. ಅದು ಅವನ ಯಾವತ್ತಿನ ತೀರ್ಪು.

ಸುರೇಖಾ ಹಟ ಬಿಡಲಿಲ್ಲ. ಕೆಲವು ದಿನ ಒಲೆಯ ಮುಂದೆ ತಾನೇ ಕಾವಲು ಕುಳಿತಳು. ಅಮ್ಮುವಿನ ಚೀರಾಟ ಇಳಿಯುವ ಬದಲು ಏರಿತು. ಕಳಕಮ್ಮ ಕಿವಿ ಮುಚ್ಚಿಕೊಂಡು ಕೋಣೆ ಸೇರುತ್ತಿದ್ದಳು, ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿದ್ದವು. ಇಂದು ಮಣಿಕಟ್ಟಿನಿಂದ ರಕ್ತ ಕಂಡದ್ದೇ, ಪಕ್ಕದ ಮನೆಯ ರಾಜಾಬೀ ಕಾಂಪೌಂಡಿನ ಮೇಲಿಂದ, "ಕೂಸು ಸಾಯಾಕತ್ತೈತಲ್ಲವ್ವ, ಏನರ ಮಾಡ್ರಿ!" ಎಂದಳು. ಅಷ್ಟೇ ಸಾಕಾಯಿತು, ಮುದುಕಿ ಡಬ್ಬಿಗೆ ಕೈಹಾಕಿದಳು.

ಈಗ ಅಮ್ಮುವಿಗೆ ಎಷ್ಟು ಜೋರಾಗಿ ಚೀರಬೇಕೆಂಬುದು ಗೊತ್ತಾದಂತಾಯಿತು. ಅದು ಹೊಳೆದದ್ದೇ ಸುರೇಖಾ ಕೈಗೆ ಸಿಕ್ಕ ತಾಟನ್ನು ನೆಲಕ್ಕೆ ಅಪ್ಪಳಿಸಿದಳು.

"ಎಲ್ಲಾ ಹಾಳ ಮಾಡಿದ್ರಿ! ಆಕಿ ಕೈ ಹೋಗ್ತೈತಿ, ತಿಳೀತೈತೇನ್ರಿ ನಿಮಗ? ನನ್ನ ಮಾತು ಒಬ್ಬರರ ಕೇಳ್ತೀರೇನು ಈ ಮನ್ಯಾಗ!" ಹಣೆ ಹಣೆ ಬಡಿದುಕೊಂಡು ಚೀರಿದಳು. ಎಂದೂ ದನಿ ಏರಿಸದ ಸೊಸೆ ಹಾಗೆ ಕುಸಿದು ಕುಳಿತದ್ದನ್ನು ಕಂಡು ಕಳಕಮ್ಮ ಗಾಬರಿಯಾದಳು. ಮುದುಕಿಗೆ ಗೊತ್ತಿದ್ದ ಮದ್ದು ಒಂದೇ. ಮತ್ತೆ ಒಂದು ಮುಷ್ಟಿ ಉಪ್ಪು ತಂದು, ಸೊಸೆಯ ನೆತ್ತಿಯ ಮೇಲೆ ನಿವಾಳಿಸತೊಡಗಿದಳು.

ಸುರೇಖಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಗ ಅಮ್ಮು ಬಂದಳು. ತಾಯಿಯ ತೊಡೆಗೆ ತೊಡೆ ತಾಗಿಸಿ ಪಕ್ಕದಲ್ಲಿ ಕುಳಿತಳು. ಅಜ್ಜಿ ಉಪ್ಪನ್ನು ಒಲೆಗೆ ಎಸೆದು ಬರುವವರೆಗೂ ಕಾದು, ಅವಳ ಬರಿಗೈಯನ್ನು ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಚೀರಲಿಲ್ಲ. ಗಾಯದ ಕೈ ಮಡಿಲಲ್ಲೇ ಇತ್ತು.

ಸುರೇಖಾ ಮಡಿಲಿನ ಆ ಕೈಯನ್ನೂ ನೆತ್ತಿಯ ಮೇಲಿನ ಈ ಕೈಯನ್ನೂ ನೋಡಿದಳು. "ಅತ್ತೀ, ನದರ ತಗೀರಿ. ಈಗ ತಗೀರಿ, ಲಗೂನ."

"ಹುಚ್ಚಿ ಅದೀ ಏನು? ಈಗರ ತಗದೀನಿ. ನದರ ಇಲ್ದ ಉಪ್ಪು ಸಿಡಿಯಂಗಿಲ್ಲ."

"ಸಿಡೀಲಿ, ಬಿಡ್ಲಿ. ನಿಮ್ಮ ಕಾಲ ಬೀಳ್ತೀನ್ರಿ."

ಕಳಕಮ್ಮ ಗೊಣಗುತ್ತ ಮತ್ತೊಂದು ಮುಷ್ಟಿ ಉಪ್ಪು ತಂದಳು. ಈ ಸಲ ಯಾರ ಕಣ್ಣನ್ನೂ ಬೈಯಲಿಲ್ಲ. ಒಲ್ಲದ ಮನಸ್ಸಿನಿಂದ ಒಂದು ಸುತ್ತು ತಿರುಗಿಸಿ ಕೆಂಡಕ್ಕೆ ಎಸೆದಳು. ಉಪ್ಪು ಅಷ್ಟೇ ಜೋರಾಗಿ ಸಿಡಿಯಿತು. ಅಮ್ಮು ಕೇಕೆ ಹಾಕಿದಳು. ಮುದುಕಿ ಬಾಗಿದ್ದವಳು ಬಾಗಿದಂತೆಯೇ ಒಲೆಯನ್ನು ನೋಡುತ್ತ ನಿಂತುಬಿಟ್ಟಳು.

ಸುರೇಖಾ ಎದ್ದು, ಗೂಡಿನಲ್ಲಿದ್ದ ಉಪ್ಪಿನ ಡಬ್ಬಿಯನ್ನು ಇಳಿಸಿ ಮಗಳ ಮುಂದೆ ನೆಲದ ಮೇಲಿಟ್ಟಳು. ಅಮ್ಮು ಅದನ್ನು ಕೊಂಚ ಹೊತ್ತು ದಿಟ್ಟಿಸಿದಳು. ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅಜ್ಜಿಗೆ ಕೊಟ್ಟಳು.