ಬಂಗ್ಲೆಯ ಹಾಲ್‌ನಲ್ಲಿ ಕುಣಿಮಗ್ಗ

ಇಳಕಲ್ ಊರಿನ ಅಂಚಿನಲ್ಲಿದ್ದ ನೂಲಿನ ಗಿರಣಿ ಮುಚ್ಚಿ ಇಪ್ಪತ್ತೆರಡು ವರ್ಷವಾಯಿತು. ಅದರ ಮ್ಯಾನೇಜರನಿಗೆಂದು ಕಂಪನಿ ಕಟ್ಟಿಸಿದ ಬಂಗ್ಲೆಗೆ ನನ್ನ ಮಾವ ಕಾವಲುಗಾರನಾಗಿದ್ದ. ಬಿಟ್ಟು ಹೋಗುವಾಗ ಕಂಪನಿಯವರೇ "ನೋಡ್ಕೊಂಡು ಇರ್ರಿ" ಅಂದಿದ್ದರು. ಬಂಗ್ಲೆಯ ಹಿಂದೆ ನಾವಿದ್ದ ಆಳುಗಳ ಖೋಲಿ ಕುಸಿದ ವರ್ಷ ನಾವು ಹಾಲ್‌ಗೆ ಬಂದೆವು. ಸೀರೆ ನೇಯುವವಳಿಗೆ ಕಾಲು ಇಳಿಬಿಡಲು ಕುಣಿ ಬೇಕು. ಹೂವಿನ ಟೈಲ್ಸ್ ಒಡೆದೆ, ನೆಲ ಅಗೆದೆ, ಮಗ್ಗ ಹೂಡಿದೆ.

ಈಗ ಊರಿಗೆ ಬಂಗ್ಲೆಯ ನೆನಪಾಗಿದೆ. ಅದು ಪರಂಪರೆಯ ಕಟ್ಟಡವಂತೆ, ಮ್ಯೂಸಿಯಂ ಮಾಡುತ್ತಾರಂತೆ. ಹದಿನೈದು ದಿನದಲ್ಲಿ ಖಾಲಿ ಮಾಡಿ ಎಂಬ ನೋಟಿಸು ಹಿಡಿದು ಮ್ಯೂಸಿಯಂ ಸಮಿತಿಯ ಸಂತೋಷಕುಮಾರ ಬಂದ. ಚಪ್ಪಲಿ ಕೂಡ ಬಿಡದೆ ಒಳಗೆ ನಡೆದು ಕುಣಿಯ ಅಂಚಿನಲ್ಲಿ ನಿಂತ.

"ಇದನ್ನ ಯಾರ ತೋಡಿದ್ರು?"

"ನಾನ ತೋಡೇನಿ."

"ಎಂಥಾ ನೆಲ ಹಾಳ ಮಾಡೀರಿ, ಗೊತ್ತೈತೇನು?"

"ನೆಲಾ ನೋಡ್ಕೊಂತ ಕುಂತ್ರ ಹೊಟ್ಟಿ ತುಂಬತೈತೇನ್ರಿ?"

ನನ್ನ ಗಂಡ ಬಂಡೆಪ್ಪ ಸುಮ್ಮನಿರು ಎಂದು ಕಣ್ಣು ಮಾಡಿದ. ಅವನಿಗೆ ಭಯ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂತೋಷಕುಮಾರ ಮಗ್ಗದ ಸುತ್ತ ತಿರುಗಿ ಫೋಟೊ ಹೊಡೆದ. ದನಿ ಮೆತ್ತಗಾಯಿತು. "ಒಂದ ಕೆಲಸಾ ಮಾಡೂಣು. ಮಗ್ಗ ಇಲ್ಲೇ ಇರ್ಲಿ. ಬಂದ ಮಂದಿ ಮುಂದ ನೀವು ನೇಯ್ರಿ. ಹಿಂದಿನ ಖೋಲಿ ರಿಪೇರಿ ಮಾಡಸ್ತೇವಿ, ಅಲ್ಲೇ ಇರ್ರಿ. ಯಾರೂ ಬಿಡಸೂದಿಲ್ಲ."

ಬಂಡೆಪ್ಪನ ಮುಖ ಅರಳಿತು. ಸುಳ್ಳೇಕೆ ಹೇಳಲಿ, ನನಗೂ ಹೋದ ಜೀವ ಬಂದಂತಾಯಿತು.

"ಮಗ್ಗದ ಮುಂದ ಹಾಕೂ ಬೋರ್ಡ್ ಮ್ಯಾಲೆ ಏನ್ ಬರೀತೀರಿ?" ಎಂದೆ.

ಅವನು ಫೋನಿನಲ್ಲಿ ಟೈಪು ಮಾಡಿ ಓದಿದ: 'ಮ್ಯಾನೇಜರರ ಪತ್ನಿ ಹವ್ಯಾಸಕ್ಕಾಗಿ ನೇಯುತ್ತಿದ್ದ ಮಗ್ಗ.'

"ಆಕಿ ಯಾವಾಗ ನೇಯ್ದಳ್ರಿ?"

"ಮಂದಿಗೆ ಅಂಥಾ ಕಥಿ ಬೇಕವಾ ಶಾರವ್ವ. ನಿಮಗ ಇರಾಕ ಜಾಗಾ ಸಿಗತೈತಿ, ಮತ್ತೇನ್ ಬೇಕು?"

ಮಗ್ಗದ ಮೇಲೆ ಮೂರು ಸೀರೆಗೆಂದು ಉದ್ದಕ್ಕೆ ಹಾಸಿದ ನೂಲಿನಲ್ಲಿ ನೇಯ್ದು ಮುಗಿದದ್ದು ಒಂದೇ ಸೀರೆ. ನಮ್ಮವ್ವ ಸತ್ತ ದಿನವೂ ನಾನು ಅರ್ಧ ನೇಯ್ದ ನೂಲಿಗೆ ಕತ್ತರಿ ಮುಟ್ಟಿಸಿದವಳಲ್ಲ. ಅವತ್ತು ಕತ್ತರಿ ತೆಗೆದುಕೊಂಡು, ಉಳಿದ ನೂಲನ್ನೆಲ್ಲ ಈ ತುದಿಯಿಂದ ಆ ತುದಿಗೆ ಕೊಯ್ದೆ.

"ಮಗ್ಗ ನಂದು, ಒಯ್ತೇನಿ," ಎಂದೆ. "ಕುಣಿ ನಿಮ್ಮದು. ಬೇಕಾದ್ರ ಅದರಾಗ ಮ್ಯಾನೇಜರನ ಹೆಂಡ್ತಿನ್ನ ಕುಂಡ್ರಸ್ರಿ."

ಸಂತೋಷಕುಮಾರ ನೋಟಿಸನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದ. ಬಂಡೆಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಹುಚ್ಚಿ, ಇನ್ನ ಎಲ್ಲಿಗೆ ಹೋಗೂದು?"

ನನಗೂ ಗೊತ್ತಿರಲಿಲ್ಲ. "ಮೊದಲ ಮಗ್ಗದ ಕಟ್ಟಗಿ ಬಿಚ್ಚು," ಎಂದೆ.